ಅರವತ್ಮೂರು ಸಲ ಸರಿಯಾದ ಲಿಫ್ಟು

ಅರವತ್ಮೂರು ಸಲ ಸರಿಯಾದ ಲಿಫ್ಟು ಅರವತ್ನಾಲ್ಕನೇ ಸಲ ಒಬ್ಬ ಡ್ರಾಯಿಂಗ್ ಮೇಷ್ಟ್ರ ಮಣಿಕಟ್ಟು ಮುರಿಯಿತು.

ಬಿ ಬ್ಲಾಕಿನ ಎಂಟು ಮಹಡಿಯ ಕಟ್ಟಡ. ಬೆಳಿಗ್ಗೆ ಎಂಟೂಕಾಲರ ಹೊತ್ತು. ಶಾಲೆಗೆ ಹೋಗುವವರು, ಕೆಲಸಕ್ಕೆ ಓಡುವವರು ಎಲ್ಲ ತುಂಬಿಕೊಂಡು ಇಳಿದ ಲಿಫ್ಟು ನೆಲದ ಮಟ್ಟಕ್ಕೆ ನಿಲ್ಲಲಿಲ್ಲ, ಇನ್ನೂ ಒಂದು ಗೇಣು ಕೆಳಗೆ ಜಾರಿ ನಿಂತಿತು. ಬಾಗಿಲು ತೆರೆಯಿತು. ಮೇಷ್ಟ್ರು ಕಂಕುಳಲ್ಲಿ ಹಾಳೆಯ ಸುರುಳಿ ಇಟ್ಟುಕೊಂಡು ದಿನದಂತೆ ಕಾಲು ಹಾಕಿದರು. ಕಾಲು ಎಡವಿತು, ಕೈ ಊರಿದರು, ಕೈ ಮುರಿಯಿತು.

ಇದು ಮೊನ್ನೆಯ ಮಾತು. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಲಿಫ್ಟ್ ಕಂಪನಿಯ ದೂರು ಕೋಣೆಗೆ ಹೆಡ್ಡಾಫೀಸಿನ ಕಾಗದ ಬಂತು. ಸಂಜೆ ನಾಲ್ಕಕ್ಕೆ ತನಿಖೆ. ಎಂಟು ತಿಂಗಳಲ್ಲಿ ಅರವತ್ಮೂರು ದೂರು, ಅರವತ್ಮೂರು ರಿಪೇರಿ, ಒಂದೂ ಬಾಳಲಿಲ್ಲ. ಇಂಥ ಮೆಕ್ಯಾನಿಕ್ಕಿನ ಪರವಾನಗಿ ಕಾರ್ಡನ್ನು ಏಕೆ ರದ್ದುಮಾಡಬಾರದು ಎಂದು ಆತ ವಿವರಿಸಬೇಕು. ಕಾರ್ಡನ್ನು ಈಗಲೇ ಒಪ್ಪಿಸಬೇಕು.

ಕಾಗದ ಒಡೆದು ಓದಿದವಳು ರಿಜಿಸ್ಟರಕ್ಕ. ಆ ಕೋಣೆಯ ಎರಡು ಫೋನು, ಒಂದು ಕಂಪ್ಯೂಟರು, ಒಂದು ದಪ್ಪ ರಿಜಿಸ್ಟರು ಎಲ್ಲ ಅವಳ ಕೈಯಲ್ಲಿ. ಹನ್ನೊಂದು ವರ್ಷದಿಂದ ಊರಿನ ನಲವತ್ತೆರಡು ಲಿಫ್ಟುಗಳ ನರಳಾಟವನ್ನೆಲ್ಲ ಬರೆದುಕೊಳ್ಳುತ್ತ ಬಂದವಳು. ಹಾಗಾಗಿ ಹೆತ್ತವರಿಟ್ಟ ಹೆಸರು ಮರೆತೇಹೋಗಿ ಎಲ್ಲರಿಗೂ ರಿಜಿಸ್ಟರಕ್ಕ. ಆ ಮೆಕ್ಯಾನಿಕ್ಕು ಬೇರೆ ಯಾರೋ ಅಲ್ಲ, ಅವಳ ಗಂಡನ ಬೆನ್ನಿಗೆ ಬಿದ್ದ ತಮ್ಮ. ಅವಳ ಮೈದುನ. ಊರಿನವರ ಬಾಯಲ್ಲಿ ಸ್ಪ್ಯಾನರ್.

"ಓದಿ ಅತ್ತಿಗೆ, ಜೋರಾಗೇ ಓದಿ," ಎಂದ ಸ್ಪ್ಯಾನರ್ ಬಾಗಿಲಲ್ಲೇ ನಿಂತು. "ನನ್ನ ಬಗ್ಗೆ ಇಷ್ಟುದ್ದ ಯಾರೂ ಬರೆದಿರ್ಲಿಲ್ಲ."

"ತಮಾಷೆ ಮಾಡ್ಬೇಡ ಕಣೋ. ಕಾರ್ಡು ಕೇಳ್ತಿದಾರೆ."

ಸ್ಪ್ಯಾನರ್ ಅಂಗಿಯ ಜೇಬಿನಿಂದ ಕಾರ್ಡು ತೆಗೆದ. ಪ್ಲಾಸ್ಟಿಕ್ಕಿನ ಮೂಲೆ ಸವೆದಿತ್ತು. ಎಂಟನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು ಅವನು. ಲಿಫ್ಟಿನ ಹೊಟ್ಟೆಯೊಳಗೆ ಕೈ ಹಾಕಿದರೆ ಕಣ್ಣುಮುಚ್ಚಿ ಕಾಯಿಲೆ ಹೇಳುತ್ತಿದ್ದ, ಆದರೆ ಲಿಖಿತ ಪರೀಕ್ಷೆಯಲ್ಲಿ ಎರಡು ಸಲ ಮಣ್ಣುಮುಕ್ಕಿ ಮೂರನೇ ಸಲ ಗೆದ್ದಿದ್ದ. ಜೀವಮಾನದಲ್ಲಿ ಅವನ ಫೋಟೋ ಅಂಟಿಸಿ ಯಾರಾದರೂ ಕೊಟ್ಟ ಕಾಗದವೆಂದರೆ ಅದೊಂದೇ. ಅದು ಹೋದರೆ ಅವನು ಲಿಫ್ಟಿನ ಗುಂಡಿ ಒತ್ತಬಹುದು, ಅಷ್ಟೇ. ಓದಿದವನು ತಪ್ಪು ಮಾಡಿದರೆ ವರ್ಗಾವಣೆ, ಓದದವನ ಮೇಲೆ ತಪ್ಪು ಬಿದ್ದರೆ ಬದುಕೇ ರದ್ದು. ಲೋಕದ ಲೆಕ್ಕ ಅಂಥದ್ದು.

ಒಳಕೋಣೆಯಿಂದ ಮ್ಯಾನೇಜರು ಬಂದು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿಕೊಂಡರು, ಸತ್ತ ಇಲಿಯ ಬಾಲ ಹಿಡಿದಂತೆ. ಅವರಿಗೆ ಸೊನ್ನೆ ಸಾಹೇಬರು ಎಂದು ಹೆಸರು. ತಿಂಗಳ ಕೊನೆಗೆ ಹೆಡ್ಡಾಫೀಸಿಗೆ ಹೋಗುವ ವರದಿಯಲ್ಲಿ 'ಬಾಕಿ ದೂರು' ಎಂಬ ಕಾಲಮಿನಲ್ಲಿ ನಾಲ್ಕು ವರ್ಷದಿಂದ ಸೊನ್ನೆಯನ್ನೇ ಬರೆಸಿದ ಮಹಾನುಭಾವರು. ಆ ಸೊನ್ನೆಗೆ ಅವರಿಗೆ ಎರಡು ಪ್ರಶಸ್ತಿಫಲಕಗಳು ಬಂದಿದ್ದವು.

"ನಾನೇನು ಮಾಡ್ಲಮ್ಮಾ," ಎಂದರು, "ರಿಜಿಸ್ಟರೇ ಹೇಳುತ್ತೆ. ಅರವತ್ಮೂರು ಸಲ ಹೋಗಿದಾನೆ, ಅರವತ್ಮೂರು ಸಲ ಕೆಟ್ಟಿದೆ. ನನ್ನ ಬಾಯಿ ಸುಳ್ಳು ಹೇಳ್ಬಹುದು, ನಿಮ್ಮ ಅಕ್ಷರ ಸುಳ್ಳು ಹೇಳುತ್ತಾ?"

ಅವರು ಒಳಗೆ ಹೋದರು. ಸ್ಪ್ಯಾನರ್ ಹೊರಗಿನ ಬೆಂಚಿನ ಮೇಲೆ ಕೂತ. ರಿಜಿಸ್ಟರಕ್ಕ ಗಡಿಯಾರ ನೋಡಿದಳು. ಏಳು ಗಂಟೆ ಹೊತ್ತಿದೆ. ಎಂಟು ತಿಂಗಳ ರಿಜಿಸ್ಟರು ಇನ್ನೂರನಾಲ್ಕು ಪುಟ. ದಿನಕ್ಕೊಂದು ಪುಟ, ಒಂದೊಂದರಲ್ಲೂ ಎಲ್ಲ ಲಿಫ್ಟುಗಳ ದೂರು ಕಲಸಿಹೋಗಿ ಹತ್ತು ಹನ್ನೆರಡು ಸಾಲು. ಇದರಲ್ಲಿ ಬಿ ಬ್ಲಾಕಿನ ಸಾಲುಗಳನ್ನು ಹೆಕ್ಕಿ, ಜೋಡಿಸಿ, ಯಾವಾಗ ಏನಾಯಿತೆಂದು ಒಬ್ಬಳೇ ಬಿಡಿಸಲು ಹೊರಟರೆ ನಾಲ್ಕು ದಿನ ಬೇಕು.

ಆದರೆ ಒಬ್ಬಳೇ ಅಲ್ಲವಲ್ಲ!

ಮೂರು ತಿಂಗಳ ಹಿಂದೆ ಹೆಡ್ಡಾಫೀಸಿನವರು ಕಂಪನಿಯ ಎಲ್ಲ ಕಂಪ್ಯೂಟರಿಗೂ ಒಂದು ಎಐ ಹಾಕಿಸಿದ್ದರು. ಸೊನ್ನೆ ಸಾಹೇಬರು ಅದರ ಕೈಲಿ ಮೇಲಧಿಕಾರಿಗಳಿಗೆ ಹುಟ್ಟುಹಬ್ಬದ ಶುಭಾಶಯ ಬರೆಸುತ್ತಿದ್ದರು. ಆನೆ ಕಟ್ಟಿಕೊಂಡು ಅದರಿಂದ ಬೀಸಣಿಗೆ ಬೀಸಿಸಿಕೊಂಡ ಹಾಗೆ. ರಿಜಿಸ್ಟರಕ್ಕ ಮಾತ್ರ ಅದಕ್ಕೆ ನಿಜವಾದ ಕೆಲಸ ಹಚ್ಚಿದ್ದಳು. ಮೂರು ಪುಟದ ಬೈಗುಳದ ಪತ್ರ ಬಂದರೆ ಬೈಗುಳ ಸೋಸಿ ದೂರಷ್ಟನ್ನು ತೆಗೆಸುವುದು, ಮೈದುನ ದಿನಕ್ಕೆ ಸುತ್ತಬೇಕಾದ ಕಟ್ಟಡಗಳನ್ನು ದಾರಿಗೆ ತಕ್ಕಂತೆ ಜೋಡಿಸುವುದು, ಹೀಗೆ. ಅದರ ಮರ್ಮ ಅವಳಿಗೆ ಗೊತ್ತಾಗಿತ್ತು. ಅದು ಮನೆಗೆ ಬಂದ ಹೊಸ ಸೊಸೆಯಂತೆ. ಕೈ ಚುರುಕು, ಕೆಲಸಕ್ಕೆ ಸೈ. ಆದರೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳದೆ ಅಡುಗೆ ಸಪ್ಪೆ ಎಂದು ಮೂತಿ ತಿರುವಿದರೆ ತಪ್ಪು ಯಾರದು?

ಅವಳು ಸೆರಗು ಸಿಕ್ಕಿಸಿ ನಿಂತಳು. ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಇಟ್ಟು ಮೊಬೈಲಿನಲ್ಲಿ ಪುಟಪುಟವಾಗಿ ಫೋಟೋ ತೆಗೆಯತೊಡಗಿದಳು. ದೂರುಕೊಟ್ಟವರ ಹೆಸರು, ಫೋನ್ ನಂಬರು ಇರುವ ಕಾಲಮಿನ ಮೇಲೆ ರಟ್ಟಿನ ಪಟ್ಟಿ ಇಟ್ಟಳು; ಊರವರ ನಂಬರು ಯಾವ ಯಂತ್ರಕ್ಕೂ ಯಾಕೆ? ನಡುವೆ ಫೋನು ಬಡಿದುಕೊಂಡರೆ ಕತ್ತಿನ ಸಂದಿಯಲ್ಲಿ ಸಿಕ್ಕಿಸಿಕೊಂಡು, "ಹ್ಞಾಂ, ಐದನೇ ಮಹಡಿ, ದೀಪ ಮಿಣಮಿಣ, ಬರ್ಕೊಂಡೆ," ಎನ್ನುತ್ತ ಫೋಟೋ ಹೊಡೆದಳು. ಹತ್ತೂವರೆಗೆ ಇನ್ನೂರನಾಲ್ಕೂ ಪುಟ ಕಂಪ್ಯೂಟರಿನೊಳಗೆ.

ಒಟ್ಟಿಗೆ ಸುರಿಯಲಿಲ್ಲ ಅವಳು. ಮೊದಲು ಹತ್ತು ಪುಟ ಕೊಟ್ಟು, "ಇದನ್ನ ಸಾಲುಸಾಲಾಗಿ ಓದಿ ಪಟ್ಟಿ ಮಾಡು," ಎಂದು ಟೈಪಿಸಿದಳು. ಪಟ್ಟಿ ಬಂತು. ರಿಜಿಸ್ಟರಿನ ಪಕ್ಕ ಇಟ್ಟು ಬೆರಳಿಟ್ಟು ನೋಡುತ್ತ ಹೋದವಳು ಆರನೇ ಸಾಲಿಗೆ ಪಕ್ಕನೆ ನಕ್ಕಳು. ಯಂತ್ರ ಬರೆದಿತ್ತು: ಲಿಫ್ಟು ಒಂದು ಗೆಣಸು ಕೆಳಗೆ ನಿಂತಿದೆ.

"ಗೆಣಸಲ್ಲ ಮಹರಾಯ, ಗೇಣು," ಎಂದು ಟೈಪಿಸಿದಳು. "ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೆ. ನಮ್ಮಲ್ಲಿ ಜನ ಲಿಫ್ಟಿನ ತಪ್ಪನ್ನ ಬೆರಳಲ್ಲಿ ಅಳೆದು ಹೇಳ್ತಾರೆ. ಒಂದು ಬೆರಳು, ಎರಡು ಬೆರಳು, ನಾಲ್ಕು ಬೆರಳು, ಗೇಣು. ಮತ್ತೆ ಕೇಳು, ಅಕ್ಷರ ತಿಳೀದಿದ್ರೆ ಊಹೆ ಮಾಡ್ಬೇಡ. ಪ್ರಶ್ನೆ ಚಿಹ್ನೆ ಹಾಕು, ನಾನು ನೋಡ್ತೀನಿ."

ಆ ಬೆರಳಿನ ಲೆಕ್ಕಕ್ಕಾಗಿ ಸೊನ್ನೆ ಸಾಹೇಬರು ಅವಳನ್ನು ಎಷ್ಟೋ ಸಲ ಬೈದಿದ್ದರು. "ತಾಂತ್ರಿಕ ದೋಷ ಅಂತ ಬರೀರಿ, ಸಾಕು. ಇದೇನು ಅಜ್ಜಿಕತೆ ಪುಸ್ತಕವಾ?" ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಫೋನಿನಲ್ಲಿ ಜನ ಹೇಳಿದ್ದನ್ನು ಹೇಳಿದಂತೆ ಬರೆಯುವುದು ಅವಳ ಹಟ.

ಉಳಿದ ಪುಟಗಳನ್ನು ಇಪ್ಪತ್ತಿಪ್ಪತ್ತಾಗಿ ಕೊಟ್ಟಳು. ಮೂವತ್ತೊಂದು ಪ್ರಶ್ನೆ ಚಿಹ್ನೆ ಬಂದವು. ಒಂದೊಂದನ್ನೂ ಪುಟ ತಿರುವಿ ಸರಿಮಾಡಿದಳು. ಹನ್ನೆರಡಕ್ಕೆ ಕೇಳಿಯೇಬಿಟ್ಟಳು: "ಬಿ ಬ್ಲಾಕಿನದು ಮಾತ್ರ ಹೆಕ್ಕು. ಮೆಕ್ಯಾನಿಕ್ ಕೆಲಸ ಹೇಗಿದೆ ಹೇಳು."

ಉತ್ತರ ಬಂತು. ದೂರು ಅರವತ್ಮೂರು. ಮುಗಿದದ್ದೆಂದು ಕೆಂಪು ಗುರುತು ಬಿದ್ದದ್ದು ಅರವತ್ಮೂರು. ಅದರಲ್ಲಿ ಐವತ್ನಾಲ್ಕು ಸಲ ಅದೇ ದೂರು ಮಾರನೇ ಬೆಳಿಗ್ಗೆಯೇ ಮರಳಿದೆ. ದಾಖಲೆಯ ಪ್ರಕಾರ ರಿಪೇರಿ ಒಂದು ರಾತ್ರಿಯೂ ಬಾಳುತ್ತಿಲ್ಲ, ಮೆಕ್ಯಾನಿಕ್ಕಿನ ಕೆಲಸ ತೃಪ್ತಿಕರವಾಗಿ ಕಾಣುವುದಿಲ್ಲ.

ರಿಜಿಸ್ಟರಕ್ಕನಿಗೆ ಮೈಯೆಲ್ಲ ಉರಿಯಿತು. "ನಿನ್ನ ಬಾಯಿಗೆ ಮಣ್ಣು ಬೀಳ! ನೀನೂ ಅವರ ಕಡೆಯವನೇ!" ಎಂದು ಪರದೆಯ ಮೇಲೆ ಕೈಯೆತ್ತಿದಳು. ಬೆಂಚಿನ ಮೇಲಿದ್ದ ಸ್ಪ್ಯಾನರ್ ಇಣುಕಿದ.

"ಯಾರಿಗೆ ಅತ್ತಿಗೆ ಬೈತಿರೋದು?"

"ನಿಂಗಲ್ಲ. ಕೂತ್ಕೋ."

ಕೈ ಇಳಿಸಿದಾಗ ಉತ್ತರದ ತುದಿಯಲ್ಲಿ ಇನ್ನೂ ಒಂದು ಸಾಲು ಇರುವುದು ಕಂಡಿತು. 'ತೀರ್ಮಾನಕ್ಕೆ ಬರುವ ಮೊದಲು ಒಂದು ಪ್ರಶ್ನೆ. ಇಷ್ಟು ಸಲ ಮಾರನೇ ಬೆಳಿಗ್ಗೆಯೇ ಮರಳುವುದು ಸಹಜವಲ್ಲ. ಈ ಕೆಂಪು ಗುರುತನ್ನು ಯಾರು, ಯಾವಾಗ, ಏನು ನೋಡಿ ಹಾಕುತ್ತಾರೆ?'

ಅವಳು ಆ ಸಾಲನ್ನು ಎರಡನೇ ಸಲ ಓದಿದಳು.

ಯಾರು ಹಾಕುತ್ತಾರೆ? ಅವಳೇ. ದಿನಾ ಸಂಜೆ ಆರಕ್ಕೆ ಸೊನ್ನೆ ಸಾಹೇಬರು ಅವಳ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು. "ಬಾಕಿ ಎಷ್ಟು? ಮಲಗಿಸಿ, ಮಲಗಿಸಿ." ಸರಿಯಾಗದ ದೂರಿಗೂ ಕೆಂಪು ಪೆನ್ಸಿಲಿನಿಂದ ಸರಿ ಗುರುತು. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಅದೇ ದೂರನ್ನು ಅವಳೇ ಹೊಸದೆಂಬಂತೆ ಮತ್ತೆ ಬರೆಯುವುದು. ಸಂಜೆ ಮಲಗಿಸುವುದು, ಬೆಳಿಗ್ಗೆ ಎಬ್ಬಿಸುವುದು. ನಾಲ್ಕು ವರ್ಷದಿಂದ ನಡೆದುಬಂದು ಅದೊಂದು ಸುಳ್ಳೆಂಬುದೇ ಆ ಕೋಣೆಗೆ ಮರೆತುಹೋಗಿತ್ತು. ನಲವತ್ತೆರಡು ಲಿಫ್ಟಿಗೆ ಒಬ್ಬನೇ ಆದ ಮೈದುನ ಬಿ ಬ್ಲಾಕಿಗೆ ಹೋಗಿ ಮುಟ್ಟಲು ವಾರ ಹಿಡಿದರೆ, ರಿಜಿಸ್ಟರಿನಲ್ಲಿ ಅವನು ಆ ವಾರದಲ್ಲಿ ಆರು ಸಲ ರಿಪೇರಿ ಮಾಡಿ ಆರು ಸಲ ಕೆಡಿಸಿದ್ದ!

ಬೇರೆ ಯಾರೂ ಅಲ್ಲ, ಅವಳ ಕೈಯೇ ಮೈದುನನ ಕತ್ತಿಗೆ ಹಗ್ಗ ಹೊಸೆದಿತ್ತು.

ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಟೈಪಿಸಿದಳು, ಯಾರಿಗೂ ಹೇಳದಿದ್ದದ್ದನ್ನೆಲ್ಲ. ಮಲಗಿಸುವುದು, ಎಬ್ಬಿಸುವುದು, ಆರು ಗಂಟೆ, ಕೆಂಪು ಪೆನ್ಸಿಲು.

ಯಂತ್ರ ಛೀಮಾರಿ ಹಾಕಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನೇರ ಕೆಲಸಕ್ಕೆ ಬಂತು: 'ಹಾಗಿದ್ದರೆ ಇಡೀ ಚಿತ್ರ ಬದಲಾಗುತ್ತದೆ. ನೀವು ಹಾಕಿದ ಗುರುತು ಯಾವುದು, ನಿಜವಾಗಿ ರಿಪೇರಿಯಾದದ್ದು ಯಾವುದು ಎಂದು ಗುರುತಿಸುವ ದಾರಿ ಪುಟದಲ್ಲಿ ಏನಾದರೂ ಇದೆಯೇ?'

ಅವಳು ಹಣೆ ಉಜ್ಜಿಕೊಂಡಳು. ಎಲ್ಲಕ್ಕೂ ಅದೇ ಪೆನ್ಸಿಲು, ಅದೇ ಗುರುತು... ತಟ್ಟನೆ ಎದ್ದುನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

ಹೆಬ್ಬೆಟ್ಟು!

ಸ್ಪ್ಯಾನರ್‌ಗೆ ತನ್ನ ಅಕ್ಷರ ಎಂದರೆ ನಾಚಿಕೆ. ಕೆಲಸ ನಿಜವಾಗಿ ಮುಗಿಸಿದ ದಿನ ಬಂದು, ಆ ಸಾಲಿನ ಮೇಲೆ ಹೆಬ್ಬೆರಳು ಒತ್ತಿ, "ಇದು ಮುಗೀತು ಅತ್ತಿಗೆ," ಎನ್ನುತ್ತಿದ್ದ. ಗ್ರೀಸು ಮೆತ್ತಿದ ಹೆಬ್ಬೆರಳು. "ಪುಸ್ತಕ ಗಲೀಜು ಮಾಡ್ಬೇಡ್ವೋ," ಎಂದು ಪ್ರತಿ ಸಲವೂ ಬೈದಿದ್ದಳು. ಪ್ರತಿ ಸಲವೂ ಒತ್ತಿದ್ದ, ಪುಣ್ಯಾತ್ಮ!

"ಕರೀ ಕಲೆ ಇರೋ ಸಾಲು ಹುಡುಕು," ಎಂದು ಟೈಪಿಸಿದಳು, ನಿಂತೇ.

ಕಲೆಗಳನ್ನು ಕೊಳೆಯೆಂದು ಬಿಟ್ಟಿದ್ದೆ, ಮತ್ತೆ ನೋಡುತ್ತೇನೆ ಎಂದಿತು ಯಂತ್ರ. ಬಿ ಬ್ಲಾಕಿನ ಸಾಲುಗಳಲ್ಲಿ ಎಂಟು ಕಲೆ ಸ್ಪಷ್ಟ. ಮೂರರ ಬಗ್ಗೆ ಅನುಮಾನ, ಮೂಲ ಪುಟದಲ್ಲೇ ನೋಡಿ.

ಅವಳು ಆ ಮೂರು ಪುಟಗಳನ್ನು ಕಿಟಕಿಗೆ ಹಿಡಿದು ನೋಡಿದಳು. ಎರಡು ಚಹಾದ ಕಲೆ, ಅವಳದ್ದೇ ಲೋಟದ್ದು. ಒಂದರಲ್ಲಿ ಬೆರಳ ಗೆರೆಗಳು ಸುರುಳಿ ಸುರುಳಿಯಾಗಿ ಕಂಡವು. ಒಟ್ಟು ಒಂಬತ್ತು. ಎಂಟು ತಿಂಗಳಲ್ಲಿ ಅವನು ಆ ಲಿಫ್ಟು ಮುಟ್ಟಿದ್ದು ಒಂಬತ್ತೇ ಸಲ. ಉಳಿದ ಐವತ್ನಾಲ್ಕೂ ಅವಳ ಪೆನ್ಸಿಲಿನ ರಿಪೇರಿ.

"ಈ ಒಂಬತ್ತು ರಿಪೇರಿ ಎಷ್ಟೆಷ್ಟು ದಿನ ಬಾಳಿತು?"

ಪರದೆಯ ಮೇಲೆ ಅಂಕಿಗಳು ಒಂದರ ಕೆಳಗೊಂದು ಬಂದವು. ನಲವತ್ನಾಲ್ಕು ದಿನ. ಮೂವತ್ತೆಂಟು. ಮೂವತ್ತೊಂದು. ಇಪ್ಪತ್ತೆರಡು. ಹದಿನೈದು. ಹನ್ನೊಂದು. ಆರು. ಮೂರು. ಒಂದು.

ಪಕ್ಕದಲ್ಲಿ ಜನ ಹೇಳಿದ ಬೆರಳುಗಳು. ಮೊದಲು ಒಂದು ಬೆರಳು, ಆಮೇಲೆ ಎರಡು, ಮೂರು, ನಾಲ್ಕು, ಕೊನೆಗೆ ಗೇಣು. ಯಾವುದೋ ಒಂದು ಬಿಡಿಭಾಗ ದಿನದಿನಕ್ಕೂ ಸವೆಯುತ್ತಿರುವ ಲಕ್ಷಣವಿದು, ಕೈಕೆಲಸ ಕೆಟ್ಟದಾಗಿದ್ದರೆ ಹೀಗೆ ಸಾಲಾಗಿ ಇಳಿಯುವುದಿಲ್ಲ. ಆದರೆ ಖಚಿತವಾಗಿ ಹೇಳಬೇಕಾದವರು ಲಿಫ್ಟು ಬಲ್ಲವರು, ಎಂದಿತ್ತು ಯಂತ್ರ.

"ಏ ಸ್ಪ್ಯಾನರ್! ಬಾರೋ ಇಲ್ಲಿ! ಓಡಿ ಬಾ!"

ಅವನು ಬಂದ. ಅಂಕಿಗಳ ಮೇಲೆ ಕಣ್ಣಾಡಿಸಿದ. ಒಂದು ಸಲ, ಎರಡು ಸಲ. ಬಾಯಿ ತೆರೆಯಿತು.

"ಅತ್ತಿಗೆ, ಇದು ಬ್ರೇಕಿನ ಲೈನಿಂಗು! ಬ್ರೇಕು ಕಚ್ಚಿ ಹಿಡಿಯೋ ಪಟ್ಟಿ. ಅದು ಸವೆದಿದೆ, ಲಿಫ್ಟು ಜಾರ್ತಿದೆ. ನಾನು ಸ್ಪ್ರಿಂಗು ಬಿಗಿ ಮಾಡ್ಕೊಂಡು ಬಂದೆ. ಹಳೇ ಚಪ್ಪಲಿಗೆ ಎಷ್ಟು ಮೊಳೆ ಹೊಡೆದ್ರೆ ಏನು? ಹೊಸ ಲೈನಿಂಗು ಬೇಕು ಅಂತ ಏಳು ಸಲ ಹೇಳಿದೀನಿ!"

"ನಾನು ಏಳು ಸಲವೂ ಅಂಚಿನಲ್ಲಿ ಬರ್ದಿದೀನಿ. ಇಲ್ನೋಡು. ಸಾಹೇಬರಿಗೂ ತೋರ್ಸಿದೀನಿ."

"ಮತ್ಯಾಕೆ ಕಳಿಸ್ಲಿಲ್ಲ?"

"ಬಿಡಿಭಾಗ ಬೇಕು ಅಂತ ಬರೆದ್ರೆ ಅದು ಬರೋವರೆಗೆ ದೂರು ಬಾಕಿ. ಬಾಕಿ ಇದ್ರೆ ಸೊನ್ನೆ ಎಲ್ಲಿ ಬರುತ್ತೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಕೇಳಿದ್ದರು. ಬರೆಯ ಕಾವು ಇವತ್ತು ತಿಳಿದಿತ್ತು. ಆದರೂ ರಿಜಿಸ್ಟರಕ್ಕನ ಮೈಯಲ್ಲಿ ಮಿಂಚು ಓಡಾಡುತ್ತಿತ್ತು. ಎಂಟು ತಿಂಗಳು ಕಣ್ಣೆದುರೇ ಬಿದ್ದಿದ್ದ ಸತ್ಯ ಮೂರೂವರೆ ಗಂಟೆಯಲ್ಲಿ ಎದ್ದು ಕೂತಿತ್ತು!

ಅಷ್ಟರಲ್ಲಿ ಸ್ಪ್ಯಾನರನ ಮುಖ ಬಾಡಿತು. "ಅಲ್ಲ ಅತ್ತಿಗೆ. ಇದನ್ನ ತೋರ್ಸಿದ್ರೆ, ಆ ಐವತ್ನಾಲ್ಕು ಯಾರು ಹಾಕಿದ್ದು ಅಂತ ಕೇಳ್ತಾರೆ."

"ಕೇಳ್ತಾರೆ."

"ನೀವು ಬಾಯಿ ಬಿಡ್ಬೇಡಿ. ಹೋದ್ರೆ ನನ್ನೊಬ್ಬಂದು ಹೋಗ್ಲಿ. ಇಬ್ಬರೂ ಕೆಲಸ ಕಳ್ಕೊಂಡು ಮನೇಲಿ ಕೂತ್ರೆ ಅಮ್ಮ ಇಬ್ಬರ ಕೈಲೂ ಪಾತ್ರೆ ತೊಳೆಸ್ತಾಳೆ."

ಅವಳಿಗೂ ಆಸೆ ಹುಟ್ಟದೆ ಇರಲಿಲ್ಲ. ಕೋಲೂ ಮುರಿಯಬಾರದು, ಹಾವೂ ಸಾಯಬೇಕು. "ಕೆಂಪು ಗುರುತಿನ ವಿಷಯ ಬಿಟ್ಟು ಒಂದು ಪುಟದ ವಿವರಣೆ ಬರಿ," ಎಂದು ಯಂತ್ರಕ್ಕೆ ಟೈಪಿಸಿದಳು.

ಬರೆಯಬಹುದು, ಆದರೆ ನಿಲ್ಲುವುದಿಲ್ಲ ಎಂದಿತು ಅದು. ಅರವತ್ಮೂರರಲ್ಲಿ ಒಂಬತ್ತನ್ನೇ ಏಕೆ ಎಣಿಸಿದಿರಿ ಎಂಬುದು ತನಿಖೆಯವರ ಮೊದಲ ಪ್ರಶ್ನೆಯಾಗುತ್ತದೆ. ಅದಕ್ಕೆ ಉತ್ತರ ಇಲ್ಲದಿದ್ದರೆ ಬೇಕಾದ್ದನ್ನಷ್ಟೇ ಆರಿಸಿಕೊಂಡಂತೆ ಕಾಣುತ್ತದೆ. ಮೆಕ್ಯಾನಿಕ್ಕಿನ ನಿರಪರಾಧಿತ್ವ ನಿಂತಿರುವುದೇ ಆ ಗುರುತಿನ ವಿವರದ ಮೇಲೆ.

ಅವಳು ಓದಿ ನಿಟ್ಟುಸಿರು ಬಿಟ್ಟಳು. ನಿಜ ಹೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೊತ್ತಿರಲಿಲ್ಲ. "ಹಾಗಾದ್ರೆ ಎಲ್ಲ ಬರಿ," ಎಂದು ಟೈಪಿಸಿದಳು. "ಗುರುತು ಹಾಕಿದ್ದು ದೂರು ಕೋಣೆಯ ಗುಮಾಸ್ತೆ ಅಂತ್ಲೇ ಬರಿ. ಯಾರು ಹೇಳಿ ಹಾಕಿಸಿದ್ದು ಅಂತ್ಲೂ ಬರಿ. ಒಂದು ಪುಟ ಮೀರ್ಬಾರ್ದು. ದೊಡ್ಡ ದೊಡ್ಡ ಮಾತು ಬೇಡ."

ನಾಲ್ಕಕ್ಕೆ ಐದು ನಿಮಿಷ ಇರುವಾಗ ತನಿಖೆಯ ಎಂಜಿನಿಯರಮ್ಮ ಬಂದರು. ಚಪ್ಪಲಿಯ ಮೇಲೆಲ್ಲ ಧೂಳು, ತೋಳಿನಲ್ಲೊಂದು ಗ್ರೀಸಿನ ಗೆರೆ. ನೇರ ಇಲ್ಲಿಗೆ ಬರದೆ ಮೊದಲು ಬಿ ಬ್ಲಾಕಿನ ಮೇಲ್ಛಾವಣಿಯ ಮೋಟರು ಕೋಣೆಗೆ ಹತ್ತಿ ಬಂದಿದ್ದರು. ಅದನ್ನು ಕಂಡು ಸ್ಪ್ಯಾನರ್ ಬೆಂಚಿನಿಂದ ಎದ್ದುನಿಂತ. ಮೋಟರು ಕೋಣೆ ಹತ್ತುವ ಎಂಜಿನಿಯರನ್ನು ಅವನು ಇದೇ ಮೊದಲು ನೋಡಿದ್ದು.

ಕಾರ್ಡು ಮೇಜಿನ ಮೇಲಿತ್ತು. ಸೊನ್ನೆ ಸಾಹೇಬರು ಕೈ ಜೋಡಿಸಿ ಶುರುಮಾಡಿದರು. "ಮೇಡಂ, ಹುಡುಗ ಒಳ್ಳೇವ್ನೇ, ಆದ್ರೆ ಓದಿಲ್ಲ. ಅರವತ್ಮೂರು ಸಲ..."

"ಸಾರ್, ಒಂದು ನಿಮಿಷ," ಎಂದಳು ರಿಜಿಸ್ಟರಕ್ಕ. "ಅರವತ್ಮೂರಲ್ಲ ಮೇಡಂ, ಒಂಬತ್ತು. ಉಳಿದ ಐವತ್ನಾಲ್ಕು ನಾನು ಹಾಕಿದ ಸುಳ್ಳು ಗುರುತು." ಪುಟ ಮುಂದಿಟ್ಟಳು.

ಎಂಜಿನಿಯರಮ್ಮ ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಓದಿದರು. ಓದುತ್ತ ಓದುತ್ತ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಇದನ್ನ ಯಾರು ಮಾಡಿದ್ದು?"

"ನಾನೂ ಎಐಯೂ ಸೇರಿ, ಮೇಡಂ."

ಸಾಹೇಬರು ಕೆಂಪಾದರು. "ಯಂತ್ರ ಹೇಳಿದ್ದನ್ನೆಲ್ಲ ನಂಬ್ತೀರಾ ಮೇಡಂ? ಮಲಗಿಸೋದಂತೆ, ಎಬ್ಬಿಸೋದಂತೆ, ನಾನು ಯಾವಾಗ ಹೇಳ್ದೆ?"

"ನಾನು ಯಂತ್ರಾನೂ ನಂಬಲ್ಲ, ನಿಮ್ಮನ್ನೂ ನಂಬಲ್ಲ," ಎಂದರು ಎಂಜಿನಿಯರಮ್ಮ. "ರಿಜಿಸ್ಟರ್ ಕೊಡಿ."

ಅವರು ಒಂಬತ್ತೂ ಹೆಬ್ಬೆಟ್ಟುಗಳನ್ನು ತಾವೇ ತೆಗೆದು ನೋಡಿದರು. ಪೆನ್ನಿನ ತುದಿಯಲ್ಲಿ ದಿನ ಎಣಿಸಿದರು. ನಾಲ್ಕನೆಯದಕ್ಕೆ ಪೆನ್ನು ನಿಂತಿತು.

"ಇಲ್ಲಿ ತಪ್ಪಿದೆ. ಇಪ್ಪತ್ತೆರಡಲ್ಲ, ಇಪ್ಪತ್ತೊಂದು."

"ನೋಡಿದ್ರಾ!" ಎಂದು ಸಾಹೇಬರು ಕುಪ್ಪಳಿಸಿದರು.

"ಇಪ್ಪತ್ತೊಂದಾದ್ರೂ ಇಳೀತಾನೇ ಇದೆಯಲ್ಲ ಸ್ವಾಮಿ. ಇವತ್ತು ನಾನೇ ಮೇಲೆ ಹತ್ತಿ ನೋಡಿದೀನಿ, ಲೈನಿಂಗು ಕಾಗದದಷ್ಟು ತೆಳ್ಳಗಾಗಿದೆ. ಆದ್ರೆ ಅದು ಯಾವಾಗಿಂದ ಸವೀತಿದೆ, ಯಾರಿಗೆ ಗೊತ್ತಿತ್ತು ಅನ್ನೋದು ಗೊತ್ತಿರ್ಲಿಲ್ಲ." ಅಂಚಿನ ಪೆನ್ಸಿಲ್ ಬರಹದ ಮೇಲೆ ಬೆರಳಿಟ್ಟರು. "ಈಗ ಗೊತ್ತಾಯ್ತು. ಏಳು ಸಲ ಗೊತ್ತಿತ್ತು."

ಸಾಹೇಬರು ಗೋಡೆಯ ಫಲಕ ನೋಡಿದರು.

ಎಂಜಿನಿಯರಮ್ಮ ಸ್ಪ್ಯಾನರನ ಕಡೆ ತಿರುಗಿದರು. "ನಿಮ್ಮನ್ನೊಂದು ಕೇಳ್ಬೇಕು. ಅಷ್ಟು ಸವೆದಿದೆ ಅಂತ ಗೊತ್ತಿದ್ದೂ ಲಿಫ್ಟು ಯಾಕೆ ನಿಲ್ಲಿಸ್ಲಿಲ್ಲ?"

"ಎರಡು ಸಲ ಬೀಗ ಹಾಕ್ದೆ ಮೇಡಂ. ಎರಡು ಸಲವೂ ಸಾಹೇಬರು ಕೀ ತರಿಸ್ಕೊಂಡು ಶುರು ಮಾಡಿಸಿದ್ರು." ಅವನು ತಲೆ ತಗ್ಗಿಸಿದ. "ಮೂರನೇ ಸಲ ನಾನೇ ಹಟ ಹಿಡೀಬೇಕಿತ್ತು. ಹಿಡೀಲಿಲ್ಲ. ಮೇಷ್ಟ್ರ ಕೈ ನೆನೆಸ್ಕೊಂಡ್ರೆ ಊಟ ಸೇರಲ್ಲ. ಅದು ನನ್ನ ತಪ್ಪೇ."

ರಿಜಿಸ್ಟರಕ್ಕ ಹಲ್ಲು ಕಚ್ಚಿದಳು. ಇವನಿಗೆ ಸುಮ್ಮನಿರಲು ಬರುವುದೇ ಇಲ್ಲವೇ! ಎಂಜಿನಿಯರಮ್ಮ ಕಾರ್ಡನ್ನು ತಿರುವಿ ನೋಡಿ ಮತ್ತೆ ಮೇಜಿನ ಮೇಲಿಟ್ಟರು. ಆಮೇಲೆ ಬೇರೆಯೇ ಮಾತು ಕೇಳಿದರು.

"ಈ ಪುಟಗಳಲ್ಲಿ ಉಳಿದ ಲಿಫ್ಟುಗಳೂ ಇವೆ ತಾನೆ?"

"ಇವೆ ಮೇಡಂ. ನಲವತ್ತೊಂದು."

"ಅವುಗಳದ್ದೂ ಕೇಳಿ. ಈಗ್ಲೇ."

ಎಲ್ಲರೂ ಕಂಪ್ಯೂಟರಿನ ಸುತ್ತ ನೆರೆದರು. ಸಾಹೇಬರೂ ಬಂದು ಹಿಂದೆ ನಿಂತರು, ಕತ್ತು ಉದ್ದ ಮಾಡಿ. ರಿಜಿಸ್ಟರಕ್ಕನ ಬೆರಳು ಗುಂಡಿಗಳ ಮೇಲೆ ಓಡಿತು. ಹೆಬ್ಬೆಟ್ಟಿದ್ದದ್ದು ಮಾತ್ರ ರಿಪೇರಿ. ಎರಡು ರಿಪೇರಿಗಳ ನಡುವಿನ ದಿನ ಎಲ್ಲೆಲ್ಲಿ ಇಳಿಯುತ್ತಿದೆ, ಬೆರಳು ಎಲ್ಲೆಲ್ಲಿ ಏರುತ್ತಿದೆ, ಹುಡುಕು.

ಅರ್ಧ ನಿಮಿಷ, ಒಂದು ನಿಮಿಷ. ಪರದೆ ತುಂಬಿತು. ಮೂವತ್ತೆಂಟು ಲಿಫ್ಟುಗಳಲ್ಲಿ ಅಂಥದ್ದೇನೂ ಇ‌ಲ್ಲ. ಎರಡರಲ್ಲಿ ಇಳಿತ ನಿಧಾನ, ಈ ತಿಂಗಳೊಳಗೆ ನೋಡಿಸಿ. ಒಂದರಲ್ಲಿ: ಹತ್ತೊಂಬತ್ತು, ಹನ್ನೆರಡು, ಐದು, ಎರಡು. ಇವತ್ತು ಬೆಳಿಗ್ಗೆ ಎಂಟರ ದೂರು: ಸ್ಟ್ರೆಚರ್ ಚಕ್ರ ಹೊಸ್ತಿಲಿಗೆ ಸಿಕ್ಕಿಕೊಂಡಿತು, ನಾಲ್ಕು ಬೆರಳು ಕೆಳಗೆ. ಹೆರಿಗೆ ಆಸ್ಪತ್ರೆ, ಹಿಂದಿನ ಲಿಫ್ಟು. ಒಂದು ಕಲೆ ಅನುಮಾನ, ಪುಟ ನೋಡಿ ಖಚಿತಪಡಿಸಿಕೊಳ್ಳಿ.

"ಅನುಮಾನ ಏನೂ ಇಲ್ಲ, ಅದು ನನ್ನ ಹೆಬ್ಬೆಟ್ಟೇ!" ಸ್ಪ್ಯಾನರ್ ಆಗಲೇ ಬಾಗಿಲ ಕಡೆ ತಿರುಗಿದ್ದ. "ಅಲ್ಲೂ ಅದೇ ತರದ ಬ್ರೇಕು, ಒಂದೇ ವರ್ಷ ಕೂರಿಸಿದ್ದು. ಸಂಜೆ ಹೊತ್ತಲ್ಲಿ ಅಲ್ಲಿ ರೋಗಿಗಳನ್ನ ಮೇಲೆ ಕೆಳಗೆ ಮಾಡ್ತಾರೆ ಅತ್ತಿಗೆ..."

ಅವನ ಕೈ ಅಂಗಿಯ ಜೇಬಿಗೆ ಹೋಗಿ ಬರಿದೆ ಬಂತು. ನಿಂತುಬಿಟ್ಟ. ಕಾರ್ಡಿಲ್ಲದವನು ಲಿಫ್ಟು ಮುಟ್ಟುವ ಹಾಗಿಲ್ಲ.

"ಬೇರೆ ಶಾಖೆಯಿಂದ ಮೆಕ್ಯಾನಿಕ್ ಕರೆಸ್ಬಹುದು ಮೇಡಂ," ಎಂದರು ಸಾಹೇಬರು. "ಎರಡು ಗಂಟೆಯೊಳಗೆ..."

ಎಂಜಿನಿಯರಮ್ಮ ಅವರ ಮಾತು ಮುಗಿಯಲು ಬಿಡಲಿಲ್ಲ. ಮೇಜಿಗೆ ಹೋಗಿ ಕಾರ್ಡು ತಂದು ಸ್ಪ್ಯಾನರನ ಜೇಬಿಗೆ ತಾವೇ ತುರುಕಿದರು.

"ಹೋಗಿ ನಿಲ್ಲಿಸಿ. ಈ ಸಲ ಕೀ ನಿಮ್ಮ ಹತ್ರಾನೇ ಇರ್ಲಿ. ಯಾವ ಸಾಹೇಬ ಕೇಳಿದ್ರೂ ಕೊಡ್ಬೇಡಿ, ನಾನು ಕೇಳಿದ್ರೂ ಕೊಡ್ಬೇಡಿ."

ಅವನು ಮೆಟ್ಟಿಲನ್ನು ಎರಡೆರಡಾಗಿ ಹಾರಿದ್ದು ಕೇಳಿಸಿತು, ಆಮೇಲೆ ಬೈಕು ಗುಡುಗಿದ್ದು.

"ನೀವು ಆಸ್ಪತ್ರೆಗೆ ಫೋನ್ ಹಚ್ಚಿ," ಎಂದರು ಎಂಜಿನಿಯರಮ್ಮ ರಿಜಿಸ್ಟರಕ್ಕನಿಗೆ. "ಐವತ್ನಾಲ್ಕು ಸುಳ್ಳು ಗುರುತಿಗೆ ನಾಳೆ ಲಿಖಿತ ವಿವರಣೆ ಕೊಡ್ಬೇಕು. ಅದನ್ನ ಬಿಡೋಕಾಗಲ್ಲ. ಆದ್ರೆ ನಾಳೆಯಿಂದ ಉಳಿದ ಶಾಖೆಗಳ ರಿಜಿಸ್ಟರುಗಳೂ ನಿಮ್ಮ ಮೇಜಿಗೇ ಬರ್ತವೆ. ಇನ್ನೂರ ಹದಿನಾರು ಲಿಫ್ಟು. ಬೆರಳಿನ ಲೆಕ್ಕ ಎಲ್ಲರಿಗೂ ಕಲಿಸ್ಬೇಕು." ಎಂದು ಸಾಹೇಬರ ಕೋಣೆಗೆ ನಡೆದು, ಅವರ ಕುರ್ಚಿಯಲ್ಲೇ ಕೂತು, ನಾಲ್ಕು ಲೈನಿಂಗುಗಳಿಗೆ ತುರ್ತು ಬೇಡಿಕೆ ಬರೆಯತೊಡಗಿದರು.

ರಿಜಿಸ್ಟರಕ್ಕ ಆಗಲೇ ನಂಬರು ಒತ್ತಿದ್ದಳು. ಆ ಕಡೆ ಯಾರೋ ನರ್ಸಮ್ಮ ಎತ್ತಿದರು.

"ಹಿಂದಿನ ಲಿಫ್ಟಿಗೆ ಯಾರನ್ನೂ ಹತ್ತಿಸ್ಬೇಡಿ ಸಿಸ್ಟರ್! ಲಿಫ್ಟ್ ಕಂಪನಿಯಿಂದ. ಬಾಗಿಲಿಗೆ ಏನಾದ್ರೂ ಅಡ್ಡ ಇಡಿ, ನಮ್ಮ ಮೆಕ್ಯಾನಿಕ್ ಬರ್ತಿದಾನೆ."

"ಅಯ್ಯೋ, ಈಗ ತಾನೇ ಒಬ್ಬರನ್ನ ಸ್ಟ್ರೆಚರಲ್ಲಿ ತಂದು ಗುಂಡಿ ಒತ್ತಿದೀವಿ! ಇಳಿದು ಬರ್ತಿದೆ ಅದು..."

"ಬರ್ಲಿ, ಆದ್ರೆ ಒಳಗೆ ತಳ್ಬೇಡಿ! ಮುಂದಿನ ಲಿಫ್ಟಿಗೆ ಹೋಗಿ. ಅದು ಗಟ್ಟಿಯಾಗಿದೆ, ನಾನು ನೋಡಿದೀನಿ!"

ಆ ಕಡೆ ಗಾಲಿಗಳ ಕಿರ್ರೆಂಬ ಸದ್ದು, ಯಾರೋ ಯಾರನ್ನೋ ಕೂಗಿದ ಸದ್ದು, ಬಾಗಿಲು ತೆರೆದ ಟಿಂಗ್ ಸದ್ದು. ಫೋನು ಮೇಜಿನ ಮೇಲೆ ಬಿದ್ದಿರಬೇಕು. ರಿಜಿಸ್ಟರಕ್ಕ ಕಿವಿಗೆ ಒತ್ತಿಹಿಡಿದು ನಿಂತೇ ಇದ್ದಳು. ಹನ್ನೊಂದು ನಿಮಿಷ. ಕೊನೆಗೆ ಅದೇ ಫೋನಿನಲ್ಲಿ ಏದುಸಿರಿನ ನಡುವೆ ಮೈದುನನ ದನಿ ಬಂತು.

"ಅತ್ತಿಗೆ, ನಿಲ್ಲಿಸ್ದೆ. ಗೇಣು ಕೆಳಗೆ ನಿಂತಿತ್ತು. ಒಳಗೆ ಯಾರೂ ಇರ್ಲಿಲ್ಲ."